ಹದಿನಾಲ್ಕು ಕುರ್ಚಿಗಳ ಸುತ್ತು: ಒಂಟಾರಿಯೊ ಕಾಲೇಜಿನ ಸಿಬ್ಬಂದಿ ತರಬೇತಿಯಲ್ಲಿ ನನ್ನ ಅನುಭವ

ಕೆನಡಾದ ದಕ್ಷಿಣ ಒಂಟಾರಿಯೊದ ಒಂದು ಸಾರ್ವಜನಿಕ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಸಿಬ್ಬಂದಿ ತರಬೇತಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಮೂಲನಿವಾಸಿಗಳ ಇತಿಹಾಸದ ತರಬೇತಿಯನ್ನು ಒಂದೊಂದೇ ವಿಭಾಗಕ್ಕೆ, ಹದಿನಾಲ್ಕಕ್ಕಿಂತ ಹೆಚ್ಚು ಕುರ್ಚಿ ಹಾಕದೆ, ಕೆಲಸದ ವೇಳೆಯಲ್ಲೇ ನಡೆಸುತ್ತೇನೆ ಎಂದು 2022ರಲ್ಲಿ ನಾನು ಹೇಳಿದಾಗ, ಸಾವಿರಕ್ಕೂ ಹೆಚ್ಚು ಸಿಬ್ಬಂದಿಯಿರುವ ಕಡೆ ಇದು ಯಾವ ಕಾಲಕ್ಕೆ ಮುಗಿಯುತ್ತದೆ ಎಂದು ಮೇಲಿನವರೂ ಕೇಳಿದರು, ಜೊತೆಗಾರರೂ ಕೇಳಿದರು. ಇನ್ನೂ ಮುಗಿದಿಲ್ಲ, ನಿಜ. ಆದರೆ ಕಳೆದ ಚಳಿಗಾಲದಲ್ಲಿ ಶುಲ್ಕ ವಿಭಾಗದ ಇಬ್ಬರು ನೌಕರರು, ಯಾರ ಆದೇಶಕ್ಕೂ ಕಾಯದೆ, ತಾವೇ ಬರೆದ ಒಂದು ನಿಯಮದ ತಿದ್ದುಪಡಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯಗಳ ವಿದ್ಯಾರ್ಥಿಗಳಲ್ಲಿ ಅನೇಕರ ಶುಲ್ಕವನ್ನು ಅವರ ಬ್ಯಾಂಡ್ ಕಚೇರಿ, ಅಂದರೆ ಸಮುದಾಯದ ಆಡಳಿತ ಕಚೇರಿ, ಭರಿಸುತ್ತದೆ; ಭರಿಸುತ್ತೇವೆಂಬ ಅದರ ಪತ್ರ ಒಂದು ವಾರ ತಡವಾದರೂ ನಮ್ಮ ಕಂಪ್ಯೂಟರ್ ತಾನಾಗಿಯೇ ವಿದ್ಯಾರ್ಥಿಯ ಹೆಸರಿಗೆ ಸುಮಾರು 150 ಡಾಲರ್ ದಂಡ ಹಾಕುತ್ತಿತ್ತು, ಅದನ್ನು ತೆಗೆಸಲು ಹದಿನೆಂಟರ ಹುಡುಗಿಯೊಬ್ಬಳು ಸರತಿ ಸಾಲಿನಲ್ಲಿ ಎಲ್ಲರ ಎದುರು ತಾನು ಯಾರೆಂದು ವಿವರಿಸಬೇಕಾಗಿತ್ತು. ಆ ದಂಡ ಈಗ ಬೀಳುವುದಿಲ್ಲ. ಈ ಲೇಖನ ಬರೆಯುವ ಧೈರ್ಯ ಬಂದದ್ದು ಆ ಒಂದು ಹಾಳೆಯಿಂದ.

ಇದೇ ಕ್ಷೇತ್ರದಲ್ಲಿರುವ ಕನ್ನಡಿಗರಿಗೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟ ವಸತಿ ಶಾಲೆಗಳ ಬಗ್ಗೆ 2015ರಲ್ಲಿ ವರದಿ ಕೊಟ್ಟ ಸತ್ಯ ಮತ್ತು ಸಾಮರಸ್ಯ ಆಯೋಗವನ್ನೂ ಕ್ರಮಕ್ಕಾಗಿ ಅದು ನೀಡಿದ 94 ಕರೆಗಳನ್ನೂ ಮತ್ತೆ ವಿವರಿಸಬೇಕಾಗಿಲ್ಲ. ಸರ್ಕಾರಿ ನೌಕರರಿಗೆ ಈ ಇತಿಹಾಸ ಕಲಿಸಬೇಕೆನ್ನುವ 57ನೆಯದನ್ನೂ, ಉದ್ಯಮಗಳು ತಮ್ಮ ಸಿಬ್ಬಂದಿಗೆ ಕಲಿಸಬೇಕೆನ್ನುವ 92ನೆಯದನ್ನೂ ಹಿಡಿದುಕೊಂಡೇ ನಾವೆಲ್ಲರೂ ಹಣ ಕೇಳಿದ್ದೇವೆ. ನಾನೂ ಕೇಳಿದೆ, ಸಿಕ್ಕಿತು, ಅದನ್ನು ಮೊದಲ ಮೂರು ವರ್ಷ ತಪ್ಪು ದಾರಿಗೆ ಸುರಿದೆ.

ಮೊದಲನೆಯದು ಆನ್‌ಲೈನ್ ಮಾಡ್ಯೂಲ್. ನಲವತ್ತೈದು ನಿಮಿಷ, ಕೊನೆಗೆ ಹತ್ತು ಪ್ರಶ್ನೆ, ಒಂದು ಪ್ರಮಾಣಪತ್ರ. ಲೈಸೆನ್ಸಿಗೆ ವರ್ಷಕ್ಕೆ ಹತ್ತಿರ ಹತ್ತಿರ 9,000 ಡಾಲರ್ ಕೊಟ್ಟ ನೆನಪು. ಮುಗಿಸಿದವರ ಪ್ರಮಾಣ ನೂರಕ್ಕೆ ತೊಂಬತ್ತು ದಾಟಿತ್ತು, ವರದಿ ಚೆನ್ನಾಗಿ ಕಾಣುತ್ತಿತ್ತು. ಆದರೆ ಆರು ತಿಂಗಳ ನಂತರ ಊಟದ ಕೋಣೆಯಲ್ಲಿ ನಾನು ಸುಮ್ಮನೆ ವಿಚಾರಿಸಿದಾಗ, ನಮ್ಮ ಕಾಲೇಜಿಗೆ ಕಾರಿನಲ್ಲಿ ಒಂದು ಗಂಟೆಯೊಳಗಿನ ಬ್ರಾಂಟ್‌ಫರ್ಡ್‌ನಲ್ಲಿ ಅಂಥ ವಸತಿ ಶಾಲೆಯೊಂದು 1970ರವರೆಗೂ ನಡೆದಿತ್ತೆಂಬುದು ಹತ್ತು ಮಂದಿಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಎರಡನೆಯ ತಪ್ಪು ಹೆಚ್ಚು ನೋವಿನದು. 2021ರ ಮೇ ತಿಂಗಳಲ್ಲಿ ಕ್ಯಾಮ್‌ಲೂಪ್ಸ್‌ನ ಹಳೆಯ ವಸತಿ ಶಾಲೆಯ ಆವರಣದಲ್ಲಿ ಮಕ್ಕಳ ಸಮಾಧಿಗಳಿರಬಹುದೆಂಬ ಸುದ್ದಿ ಬಂದ ಮೇಲೆ, ಆ ವರ್ಷದ ಸೆಪ್ಟೆಂಬರ್ 30ಕ್ಕೆ, ಅಂದರೆ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನಕ್ಕೆ, ಏನಾದರೂ ದೊಡ್ಡದಾಗಿ ಮಾಡಲೇಬೇಕೆಂಬ ಅವಸರ ಎಲ್ಲರಲ್ಲೂ ಇತ್ತು. ಸಭಾಂಗಣದಲ್ಲಿ ಸುಮಾರು ನೂರಾಹತ್ತು ಮಂದಿಯನ್ನು ಸೇರಿಸಿ ಬ್ಲಾಂಕೆಟ್ ಎಕ್ಸರ್‌ಸೈಜ್ ಇಟ್ಟೆ. ಅದು 1997ರಿಂದ ನಡೆದುಬಂದಿರುವ ಒಳ್ಳೆಯ ಕ್ರಮ. ನೆಲದ ಮೇಲೆ ಹಾಸಿದ ಕಂಬಳಿಗಳು ಭೂಮಿ, ಅದರ ಮೇಲೆ ನಿಂತವರು ಅಲ್ಲಿನ ಜನ, ಕಥೆ ಮುಂದುವರಿದಂತೆ ಕಂಬಳಿ ಮಡಚುತ್ತಾ ಹೋಗುತ್ತದೆ, ನಿಂತವರು ಒಬ್ಬೊಬ್ಬರಾಗಿ ಹೊರಬೀಳುತ್ತಾರೆ. ಕ್ರಮದ ದೋಷವಲ್ಲ, ನೂರಾಹತ್ತು ಮಂದಿಯನ್ನು ತುಂಬಿದ ನನ್ನ ದೋಷ. ಶಾಲೆಯ ಭಾಗ ಬಂದಾಗ ನಮ್ಮದೇ ಕೌಂಟರಿನ ಸಹೋದ್ಯೋಗಿಯೊಬ್ಬರು, ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯದವರು, ಮೌನವಾಗಿ ಎದ್ದು ಹೊರಗೆ ಹೋದರು. ಅವರ ಅಜ್ಜಿ ಅದೇ ಬ್ರಾಂಟ್‌ಫರ್ಡ್ ಶಾಲೆಯಲ್ಲಿದ್ದವರು ಎಂಬುದು ನನಗೆ ಗೊತ್ತಿರಲಿಲ್ಲ, ಮುಂದೆ ಏನು ಬರುತ್ತದೆಂದು ಅವರಿಗೆ ನಾನು ಮೊದಲೇ ತಿಳಿಸಿರಲೂ ಇಲ್ಲ. ಹಿಂಬಾಲಿಸಿ ಹೋಗಲು ಯಾರನ್ನೂ ನೇಮಿಸಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಅವರು ಕೌಂಟರಿನಲ್ಲಿ ಕುಳಿತಿದ್ದರು. ಹಿಂದಿನ ದಿನ ಕಣ್ಣೀರು ಹಾಕಿದ್ದವರು ಒಬ್ಬೊಬ್ಬರಾಗಿ ಅವರ ಬಳಿ ಬಂದು ತಮ್ಮ ದುಃಖ ಹೇಳಿಕೊಳ್ಳುತ್ತಿದ್ದರು. ಅವರೇ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. ಆ ದೃಶ್ಯ ನೋಡಿದ ಮೇಲೆ ದೊಡ್ಡ ಸಭೆ ಸೇರಿಸುವುದನ್ನು ನಿಲ್ಲಿಸಿದೆ.

ಇನ್ನೊಂದು ತೊಡಕು ನನಗೆ ಹೊಳೆದದ್ದು ಕನ್ನಡದಿಂದಲೇ. ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿ ಸೇರಿದವರಲ್ಲಿ ಹೊರದೇಶದವರು, ಅದರಲ್ಲೂ ಭಾರತದವರು ಬಹಳ. ‘ರೆಸಿಡೆನ್ಶಿಯಲ್ ಸ್ಕೂಲ್’ ಎಂದಾಕ್ಷಣ ಇಲ್ಲಿನವರ ಮುಖ ಬಿಗಿಯುತ್ತದೆ. ನಮ್ಮವರ ಮುಖ ಅರಳುತ್ತದೆ. ಮೊರಾರ್ಜಿ ಶಾಲೆಯಲ್ಲೋ ನವೋದಯದಲ್ಲೋ ಸೀಟು ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡಿದವರು ನಾವು. ವಸತಿ ಶಾಲೆ ಎಂಬ ಮಾತಿನಲ್ಲೇ ಮಗುವಿನ ಏಳಿಗೆ ಅಡಗಿದೆ ಎಂದು ನಂಬಿದವರಿಗೆ, ಸುಮಾರು 1,50,000 ಮಕ್ಕಳನ್ನು ಭಾಷೆ ಬಿಡಿಸಿ, ಕೂದಲು ಕತ್ತರಿಸಿ, ತಾಯ್ತಂದೆಯರಿಂದ ದೂರವಿಟ್ಟ ವ್ಯವಸ್ಥೆಯನ್ನು ಅದೇ ಹೆಸರಿನಲ್ಲಿ ಹೇಳಿದರೆ ಅದರ ಭಾರ ತಾಗುವುದೇ ಇಲ್ಲ. ಈಗ ನಾನು ಮೊದಲ ದಿನವೇ ಆ ಪದವನ್ನು ಬಿಡಿಸಿಡುತ್ತೇನೆ: ನಮ್ಮಲ್ಲಿ ಅಪ್ಪ ಅರ್ಜಿ ಹಾಕಿ ಸೇರಿಸಿದರು, ಇಲ್ಲಿ ಕಳಿಸದ ಅಪ್ಪನ ಮೇಲೆ ಕಾನೂನು ಎರಗುತ್ತಿತ್ತು. ಇಷ್ಟು ಹೇಳಿದರೆ ಸಾಕು, ಕೋಣೆ ನಿಶ್ಶಬ್ದವಾಗುತ್ತದೆ.

ಈಗಿನ ಕ್ರಮ ಹೀಗಿದೆ. ಒಂದು ವಿಭಾಗಕ್ಕೆ ಮೂರು ಭೇಟಿ, ಭೇಟಿಯ ನಡುವೆ ಕನಿಷ್ಠ ಮೂರು ವಾರ. ಮೊದಲನೆಯದರಲ್ಲಿ ಸ್ಲೈಡ್ ಇಲ್ಲ, ಪರದೆ ಇಲ್ಲ, ಸುತ್ತಾಗಿ ಹಾಕಿದ ಕುರ್ಚಿಗಳು ಮತ್ತು ಒಂದು ಪ್ರಶ್ನೆ. ಆ ಪ್ರಶ್ನೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮೊದಲೇ ತಿಳಿದರೆ ಜನ ಉತ್ತರ ಸಿದ್ಧಪಡಿಸಿಕೊಂಡು ಬರುತ್ತಾರೆ, ಅಲ್ಲಿಗೆ ಅದರ ಬಲ ಹೋಯಿತು. ಎರಡನೆಯ ಭೇಟಿ ಬ್ರಾಂಟ್‌ಫರ್ಡ್‌ಗೆ, ಹಿಂದೆ ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ಆ ವಸತಿ ಶಾಲೆಯಾಗಿದ್ದ ಕಟ್ಟಡಕ್ಕೆ. ಮೂರನೆಯದರಲ್ಲಿ ವಿಭಾಗದವರು ತಮ್ಮದೇ ಕೈಕೆಳಗಿನ ಒಂದು ಅರ್ಜಿ ಅಥವಾ ಒಂದು ನಿಯಮ ತಂದು ತಿದ್ದಬೇಕು. ಒಂದೇ ಒಂದು, ಅದೂ ತಮ್ಮ ಅಧಿಕಾರದಲ್ಲೇ ಇರುವಂಥದು. ಕಾಲೇಜಿನ ನೀತಿಯನ್ನೇ ಬದಲಿಸಲು ಹೊರಟ ಮೊದಲ ಗುಂಪು ನಾಲ್ಕು ತಿಂಗಳು ಸಮಿತಿಗಳಲ್ಲಿ ಅಲೆದು ಸುಸ್ತಾಯಿತು.

ಬ್ರಾಂಟ್‌ಫರ್ಡ್ ಭೇಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೆಚ್ಚಾಗಿ ಗಂಜಿಯನ್ನೇ ಬಡಿಸುತ್ತಿದ್ದುದರಿಂದ ಅಲ್ಲಿದ್ದ ಮಕ್ಕಳು ಆ ಶಾಲೆಗೆ ‘ಮಷ್ ಹೋಲ್’ ಎಂದು ಹೆಸರಿಟ್ಟಿದ್ದರು. 1972ರಿಂದ ಆ ಆವರಣ ವುಡ್‌ಲ್ಯಾಂಡ್ ಕಲ್ಚರಲ್ ಸೆಂಟರ್‌ನದು. ನಾವು ಹೋಗುತ್ತಿದ್ದ ಕಾಲದಲ್ಲಿ ಒಳಗೆ ದುರಸ್ತಿ ನಡೆದಿದ್ದರಿಂದ ಹೊರಗಿನಿಂದಲೇ ನೋಡಬೇಕಾಗಿತ್ತು, ಅದೇ ಒಳ್ಳೆಯದಾಯಿತು. ಕಟ್ಟಡದ ಹಿಂಬದಿಯ ಕೆಂಪು ಇಟ್ಟಿಗೆಗಳ ಮೇಲೆ ಮಕ್ಕಳು ಮೊಳೆಯಿಂದಲೋ ಕಲ್ಲಿನಿಂದಲೋ ಕೆತ್ತಿದ ಹೆಸರುಗಳಿವೆ. ಹೆಚ್ಚಿನವು ನನ್ನ ಎದೆಯ ಮಟ್ಟಕ್ಕಿಂತ ಕೆಳಗಿವೆ, ಓದಬೇಕಾದರೆ ಬಗ್ಗಬೇಕು. ಲೆಕ್ಕಪತ್ರ ವಿಭಾಗದ ಒಬ್ಬರು, ಮೊದಲ ಭೇಟಿಯಲ್ಲಿ ಕೈಕಟ್ಟಿ ಕುಳಿತಿದ್ದವರು, ಮಂಡಿಯೂರಿ ಒಂದು ಹೆಸರನ್ನು ಬೆರಳಿನಿಂದ ಮುಟ್ಟಿ ಬಹಳ ಹೊತ್ತು ಅಲ್ಲೇ ಇದ್ದರು. ಅಲ್ಲಿ ನಾನು ಏನೂ ಮಾತಾಡುವುದಿಲ್ಲ. ಮಾತು ಅಲ್ಲಿನ ಮಾರ್ಗದರ್ಶಕರದು.

ವಾಪಸು ಬರುವಾಗ ಗ್ರ್ಯಾಂಡ್ ನದಿಯ ದಡದಲ್ಲಿ ಇಳಿಸಿ, 1784ರಲ್ಲಿ ಬ್ರಿಟಿಷ್ ಗವರ್ನರ್ ಹಾಲ್ಡಿಮಂಡ್ ಹೊರಡಿಸಿದ ಘೋಷಣೆ ಈ ನದಿಯ ಎರಡೂ ಬದಿಗೆ ಆರಾರು ಮೈಲಿ ನೆಲವನ್ನು ಸಿಕ್ಸ್ ನೇಷನ್ಸ್‌ಗೆ ಕೊಟ್ಟಿತ್ತೆಂದು ಹೇಳುತ್ತೇನೆ. ಅದರಲ್ಲಿ ಈಗ ಅವರ ಕೈಯಲ್ಲಿ ಉಳಿದಿರುವುದು ನೂರಕ್ಕೆ ಐದು ಭಾಗವೂ ಅಲ್ಲ.

ಹಣದ ವಿಷಯ. ಒಂದು ಗುಂಪಿನ ಮೂರೂ ಭೇಟಿಗೆ ಸೇರಿ ಸುಮಾರು 1,900 ಡಾಲರ್ ಬೀಳುತ್ತದೆ: ಬಂದು ಮಾತಾಡುವ ಮೂಲನಿವಾಸಿ ಹಿರಿಯರ ಗೌರವಧನ, ಅವರ ಸಹಾಯಕರಿಗೆ ಪ್ರತ್ಯೇಕ ಗೌರವಧನ, ವ್ಯಾನು, ಮಾರ್ಗದರ್ಶಕರ ಶುಲ್ಕ, ಊಟ. ಮೊದಲ ವರ್ಷ ನಮ್ಮನ್ನು ಅತಿ ಹೆಚ್ಚು ಕಾಡಿದ್ದು ಮೊತ್ತವಲ್ಲ, ಕೊಡುವ ವಿಧಾನ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದು ಮೂರು ಗಂಟೆ ಮಾತಾಡಿ ಹೋದ ಮೇಲೆ ಅವರಿಂದ ಇನ್‌ವಾಯ್ಸ್ ಕೇಳಿ, ವೆಂಡರ್ ಫಾರಂ ತುಂಬಿಸಿ, ನಲವತ್ತೈದು ದಿನಕ್ಕೆ ಚೆಕ್ ಕಳಿಸಿದ್ದೆವು. ಅವರು ಮತ್ತೆ ಬರಲಿಲ್ಲ. ಬನ್ನಿರೆಂದು ಕೇಳುವ ಮುಂಚೆ ಅವರ ಸಂಪ್ರದಾಯದಂತೆ ತಂಬಾಕು ಒಪ್ಪಿಸಬೇಕು, ಮುಗಿದ ದಿನವೇ ಲಕೋಟೆ ಕೈಗೆ ಕೊಡಬೇಕು. ನಮ್ಮಲ್ಲಿ ಪುರೋಹಿತರಿಗೆ ದಕ್ಷಿಣೆಯನ್ನು ಮುಂದಿನ ತಿಂಗಳು ಬ್ಯಾಂಕಿಗೆ ಹಾಕುತ್ತೇವೆಯೇ ಎಂದು ಕೇಳಿಕೊಂಡರೆ ಕನ್ನಡಿಗರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಈಗ ನಮ್ಮಲ್ಲಿ ಅದೇ ದಿನ ಪಾವತಿಯಾಗುತ್ತದೆ, ತೆರಿಗೆಯ ಕಾಗದವೂ ಸರಿಯಾಗಿದೆ. ಫೈನಾನ್ಸ್‌ನವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ. ಎದುರು ಕುಳಿತು ಕೇಳುವವರಿಗೆ ಮಾತ್ರ ಹೇಳುತ್ತೇನೆ.

2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪರವಾನಗಿಗೆ ಮಿತಿ ಬಂದ ಮೇಲೆ ಒಂಟಾರಿಯೊದ ಕಾಲೇಜುಗಳ ಆದಾಯ ಹೇಗೆ ಕುಸಿಯಿತೆಂದು ನಿಮಗೆಲ್ಲ ಗೊತ್ತು. ನನ್ನ ಬಾಬ್ತಿನಲ್ಲಿ ಅರ್ಧ ಹೋಯಿತು. ನಾನು ಕಡಿದದ್ದು ಮಾಡ್ಯೂಲಿನ ಲೈಸೆನ್ಸನ್ನು ಮತ್ತು ಕಿತ್ತಳೆ ಅಂಗಿಗಳನ್ನು. ಆರು ವರ್ಷದ ಫಿಲಿಸ್ ವೆಬ್‌ಸ್ಟಡ್ ಅವರಿಗೆ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿಯನ್ನು 1973ರಲ್ಲಿ ವಸತಿ ಶಾಲೆಯ ಮೊದಲ ದಿನವೇ ಕಸಿದುಕೊಂಡ ಕಥೆಯ ನೆನಪಿಗೆ ಹುಟ್ಟಿದ ಅಂಗಿ ಅದು. ಅದನ್ನು ಯಾರದೋ ಕಾರ್ಖಾನೆಯಿಂದ ಸಗಟಿನಲ್ಲಿ ತರಿಸಿ ಹಂಚಲು ವರ್ಷಕ್ಕೆ 3,000 ಡಾಲರ್ ಹೋಗುತ್ತಿತ್ತು. ಬೇಕಾದವರು ಮೂಲನಿವಾಸಿಗಳದೇ ಅಂಗಡಿಯಿಂದ ತಾವೇ ಕೊಳ್ಳಲಿ ಎಂದೆ. ಆ ಹಣದಲ್ಲಿ ಒಂದೂವರೆ ಗುಂಪು ನಡೆಯುತ್ತದೆ.

ಹೊಗೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಎರಡನೆಯ ಗುಂಪಿನಲ್ಲಿ ಅನಿಶಿನಾಬೆ ಎಂಬ ಮೂಲನಿವಾಸಿ ಜನಾಂಗದ ಹಿರಿಯರು ಸ್ಮಡ್ಜಿಂಗ್‌ಗೆ, ಅಂದರೆ ಹೊಗೆಯಿಂದ ಶುದ್ಧಿಮಾಡುವ ವಿಧಿಗೆ, ಸೇಜ್ ಎಂಬ ಮೂಲಿಕೆಯ ಎಲೆಯನ್ನು ಚಿಪ್ಪಿನಲ್ಲಿಟ್ಟು ಹೊತ್ತಿಸಿದ ನಾಲ್ಕನೆಯ ನಿಮಿಷಕ್ಕೆ ಇಡೀ ಕಟ್ಟಡದ ಅಲಾರಂ ಕೂಗಿತು, ಅಗ್ನಿಶಾಮಕ ವಾಹನ ಬಂತು. ಹಿರಿಯರು ಚಿಪ್ಪನ್ನು ಕೈಯಲ್ಲಿ ಹಿಡಿದು ಹಿಮದಲ್ಲಿ ನಿಂತಿದ್ದರು. ಒಂಟಾರಿಯೊದ ಧೂಮಪಾನ ನಿಷೇಧದ ಕಾನೂನು ಮೂಲನಿವಾಸಿಗಳ ಸಾಂಪ್ರದಾಯಿಕ ತಂಬಾಕಿನ ಬಳಕೆಗೆ ವಿನಾಯಿತಿ ಕೊಟ್ಟಿದೆ, ಆದರೆ ಗೋಡೆಯ ಮೇಲಿನ ಸ್ಮೋಕ್ ಡಿಟೆಕ್ಟರ್‌ಗೆ ಕಾನೂನು ತಿಳಿಯದು. ಈಗ ಎರಡು ಕೋಣೆಗಳನ್ನು ಗೊತ್ತುಮಾಡಿದ್ದೇವೆ. ಹಿಂದಿನ ದಿನವೇ ಫೆಸಿಲಿಟೀಸ್‌ಗೆ ಒಂದು ಸಾಲಿನ ಸೂಚನೆ, ಆ ವಲಯದ ಡಿಟೆಕ್ಟರ್ ಮಾತ್ರ ಎರಡು ಗಂಟೆ ಬಂದ್, ಬಾಗಿಲ ಬಳಿ ಒಬ್ಬರು ಕಾವಲು, ಆಸ್ತಮಾ ಇರುವವರಿಗೆ ಮೊದಲೇ ತಿಳಿವಳಿಕೆ. ಇದರಲ್ಲೇ ಇನ್ನೊಂದು ಪಾಠವಿತ್ತು. ಹೌಡೆನೊಶೋನಿ, ಅಂದರೆ ಸಿಕ್ಸ್ ನೇಷನ್ಸ್‌ನ ಇರೋಕ್ವಾ ಜನರ, ಹಿರಿಯರು ಬಂದಾಗಲೂ ನಾನು ಸೇಜ್ ಸಿದ್ಧವಿಟ್ಟಿದ್ದೆ. ಅದು ತಮ್ಮ ಪದ್ಧತಿಯಲ್ಲ, ತಾವು ಎಲ್ಲಕ್ಕೂ ಮೊದಲಿನ ಮಾತುಗಳೆಂಬ ಕೃತಜ್ಞತೆಯ ನುಡಿಯಿಂದ ಆರಂಭಿಸುತ್ತೇವೆ ಎಂದು ಅವರು ಸಮಾಧಾನದಿಂದ ಹೇಳಿದರು. ಅಂದಿನಿಂದ ಸಹಾಯಕರಿಗೆ ಫೋನ್ ಮಾಡಿ ಏನು ಬೇಕೆಂದು ಕೇಳದೆ ಏನನ್ನೂ ಜೋಡಿಸುವುದಿಲ್ಲ.

ಸಿಬ್ಬಂದಿಯ ಕ್ಷೇಮಕ್ಕೆ ಮೂರು ಕಟ್ಟುಪಾಡುಗಳನ್ನು ಮಾಡಿದ್ದೇನೆ. ಮೂಲನಿವಾಸಿ ಸಹೋದ್ಯೋಗಿಗಳು ಯಾವ ಗುಂಪಿಗೂ ಬರಬೇಕಾಗಿಲ್ಲ, ಬಂದರೆ ಸಂತೋಷ, ಅವರನ್ನು ಯಾರೂ ಏನನ್ನೂ ಕೇಳುವಂತಿಲ್ಲ. ಪ್ರತಿ ಭೇಟಿಯಲ್ಲೂ ಬಾಗಿಲ ಹೊರಗೆ ಆಪ್ತಸಲಹೆ ಬಲ್ಲ ಒಬ್ಬರು ಕುಳಿತಿರುತ್ತಾರೆ. ಬ್ರಾಂಟ್‌ಫರ್ಡ್‌ನಿಂದ ಬಂದ ಮರುದಿನ ಮಧ್ಯಾಹ್ನದವರೆಗೆ ಆ ಗುಂಪಿನ ಯಾರಿಗೂ ಕೌಂಟರ್ ಕೆಲಸವಿಲ್ಲ. ಮೂರನೆಯದಕ್ಕೆ ವಿಭಾಗದ ಮುಖ್ಯಸ್ಥರು ಬಹಳ ಗೊಣಗಿದರು; ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆ 2013ರಿಂದಲೇ ರಾಷ್ಟ್ರೀಯ ಮಾನದಂಡವಿದೆ, ನಮ್ಮ ಕಾಲೇಜು ಅದನ್ನು ಒಪ್ಪಿಕೊಂಡಿದೆ ಎಂದು ಕಾಗದ ತೋರಿಸಿದೆ.

ಇದರ ನಡುವೆ ರಜೆಯ ಅರ್ಜಿಯೊಂದರ ಕಡೆಗೂ ಮನಸ್ಸು ಹರಿಯಿತು. ಸಿಕ್ಸ್ ನೇಷನ್ಸ್‌ನ ನಮ್ಮ ನೌಕರರೊಬ್ಬರಿಗೆ ತಾಯಿಯ ಅಕ್ಕ ತೀರಿಕೊಂಡಾಗ ಸಿಕ್ಕಿದ್ದು ಒಂದೇ ದಿನದ ರಜೆ, ಏಕೆಂದರೆ ಅರ್ಜಿಯಲ್ಲಿ ‘ಆಂಟ್’ ದೂರದ ನೆಂಟರ ಸಾಲಿನಲ್ಲಿತ್ತು. ಸಭೆಯಲ್ಲಿ ನಾನು ಕನ್ನಡವನ್ನೇ ಮುಂದಿಟ್ಟೆ: ನಮ್ಮಲ್ಲಿ ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ, ಇಬ್ಬರೂ ಅಮ್ಮಂದಿರೇ; ಇವರ ಪದ್ಧತಿಯಲ್ಲೂ ತಾಯಿಯ ಅಕ್ಕತಂಗಿಯರು ತಾಯಂದಿರೇ. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲೇ ಇರೋಕ್ವಾ ಜನರ ಬಂಧುವಾಚಕಗಳನ್ನು ತಮಿಳು, ತೆಲುಗು, ಕನ್ನಡದವುಗಳ ಜೊತೆ ಇಟ್ಟು ಹೋಲಿಸಿದ್ದರು. ಎಚ್‌ಆರ್‌ನವರು ಅರ್ಜಿ ತಿದ್ದಲು ಏಳು ತಿಂಗಳು ತೆಗೆದುಕೊಂಡರು. ಈಗ ‘ತಾಯಿಯ ಸ್ಥಾನದಲ್ಲಿರುವವರು’ ಎಂಬ ಸಾಲಿದೆ, ಅದರಿಂದ ನಮ್ಮ ದಕ್ಷಿಣ ಭಾರತದ ನೌಕರರಿಗೂ ಅನುಕೂಲವಾಗಿದೆ.

ನೆಲದ ಋಣವನ್ನು ನೆನೆಯುವ ಲ್ಯಾಂಡ್ ಅಕ್ನಾಲೆಜ್‌ಮೆಂಟ್ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆ. ಕಾಲೇಜು ಕೊಟ್ಟ ಒಕ್ಕಣೆಯನ್ನು ಓದುವ ಬದಲು, ಪ್ರತಿಯೊಬ್ಬರೂ ತಾವು ಯಾವ ನೆಲದಿಂದ ಬಂದೆವು, ಅಲ್ಲಿ ಯಾರು ಎದ್ದುಹೋಗಿ ನಮಗೆ ಜಾಗವಾಯಿತು ಎಂಬುದನ್ನೂ ಸೇರಿಸಿ ಬರೆಯಲಿ ಎಂದೆ. ಮೊದಲು ನಾನೇ ಓದಿದೆ: ನನ್ನದು ಹೆಗ್ಗಡದೇವನಕೋಟೆ ತಾಲ್ಲೂಕು, ನಮ್ಮ ಗದ್ದೆಗೆ ಬರುವುದು ಕಬಿನಿ ನೀರು, ಆ ಜಲಾಶಯಕ್ಕೂ ನಾಗರಹೊಳೆಯ ಕಾಡಿಗೂ ಜೇನುಕುರುಬರನ್ನು ಎಬ್ಬಿಸಲಾಯಿತು. ಇದನ್ನು ಮೂವತ್ತು ವರ್ಷ ನಾನು ಯಾರ ಎದುರೂ ಹೇಳಿರಲಿಲ್ಲ. ಎಲ್ಲ ಗುಂಪಿನಲ್ಲೂ ಇದು ಕೂಡಿಬರುವುದಿಲ್ಲ; ಐಟಿ ವಿಭಾಗದಲ್ಲಿ ಪೂರ್ತಿ ಸೋತಿತು.

ಇದುವರೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಗುಂಪುಗಳಾಗಿವೆ, ಮುನ್ನೂರರ ಹತ್ತಿರ ಜನ. ತಿದ್ದಿದ ಅರ್ಜಿ, ನಿಯಮಗಳು ಹದಿನೇಳು, ಅವನ್ನು ಒಂದೇ ಕಡತದಲ್ಲಿ ಇಟ್ಟಿದ್ದೇನೆ. ಬೇರೆ ಎರಡು ಕಾಲೇಜಿನವರು ಬಂದು ನೋಡಿಕೊಂಡು ಹೋದರು, ಅಂದು ಅನುಮಾನಪಟ್ಟ ಜೊತೆಗಾರರೊಬ್ಬರೇ ಅವರಿಗೆ ಎಲ್ಲವನ್ನೂ ವಿವರಿಸಿದರು. ಮುಂದಿನ ಸರದಿ ರಾತ್ರಿ ಪಾಳಿಯ ಭದ್ರತಾ ಸಿಬ್ಬಂದಿಯದು. ಅವರು ಹಗಲಿಗೆ ಬರಲಾರರೆಂದು ಇಷ್ಟು ದಿನ ಬಿಟ್ಟಿದ್ದೆವು. ಈಗ ಅವರೇ ರಾತ್ರಿ ಹನ್ನೊಂದಕ್ಕೆ ಕುರ್ಚಿ ಹಾಕಿರೆಂದು ಕೇಳಿದ್ದಾರೆ, ಆ ಹೊತ್ತಿಗೆ ಬರಲು ಹಿರಿಯರೊಬ್ಬರು ಒಪ್ಪಿದ್ದಾರೆ. ಡಿಟೆಕ್ಟರ್‌ನ ಸೂಚನೆ ಕಳಿಸಿಯಾಗಿದೆ.