72 ಗಂಟೆಯ ಲೆಕ್ಕ: ಓಮಿಕ್ರಾನ್ ಕಾಲದಲ್ಲಿ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ

2021ರ ಡಿಸೆಂಬರ್ ಕೊನೆಗೆ ಊರಿಗೆ ಬರಲು ಟಿಕೆಟ್ ಮಾಡಿಸಿದ್ದೆ. ನವೆಂಬರ್ ಮುಗಿಯುವಷ್ಟರಲ್ಲಿ ಕೋವಿಡ್ ವೈರಸ್ಸಿನ ಹೊಸ ತಳಿ ಓಮಿಕ್ರಾನ್‌ನ ಸುದ್ದಿ ಬಂತು. ಡಿಸೆಂಬರ್ 1ರಿಂದ ಭಾರತದ ನಿಯಮ ಬದಲಾಯಿತು. ಬ್ರಿಟನ್ ಸೇರಿ ಇಡೀ ಯುರೋಪು 'ಅಟ್ ರಿಸ್ಕ್', ಅಂದರೆ ಸೋಂಕಿನ ಅಪಾಯ ಹೆಚ್ಚಿರುವ ದೇಶಗಳ, ಪಟ್ಟಿಗೆ ಬಿತ್ತು. ಹೊರಡುವ ಮುಂಚೆ ಒಂದು ಆರ್‌ಟಿ-ಪಿಸಿಆರ್ (ಲ್ಯಾಬಿನಲ್ಲಿ ನೋಡುವ ಕೋವಿಡ್ ಪರೀಕ್ಷೆ), ಇಳಿದ ತಕ್ಷಣ ಇನ್ನೊಂದು, ಏಳು ದಿನ ಮನೆಯಲ್ಲೇ ಕ್ವಾರಂಟೈನ್, ಎಂಟನೇ ದಿನ ಮತ್ತೊಂದು. ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಿಗೂ ಬಿಡುವಿರಲಿಲ್ಲ.

ಈ ಮೂರು ಪರೀಕ್ಷೆಗಳಲ್ಲಿ ತಲೆ ತಿಂದದ್ದು ಮೊದಲನೆಯದು. ಉಳಿದೆರಡಕ್ಕೆ ಸುಮ್ನೆ ಮೂಗು ಒಡ್ಡಿದರಾಯಿತು. ಮೊದಲನೆಯದರಲ್ಲಿ ಎಲ್ಲಿ, ಯಾವಾಗ, ಯಾವ ಪರೀಕ್ಷೆ ಎಂಬುದೆಲ್ಲ ನಮ್ಮದೇ ಜವಾಬ್ದಾರಿ.

ಪ್ರಯಾಣ ಶುರುವಾಗುವ ಮುಂಚಿನ 72 ಗಂಟೆಯೊಳಗೆ ಪರೀಕ್ಷೆ ಆಗಿರಬೇಕಿತ್ತು. ಗಂಟೆ ಎಣಿಸುವುದು ಸ್ಯಾಂಪಲ್ ಕೊಟ್ಟ ಹೊತ್ತಿನಿಂದ, ರಿಪೋರ್ಟ್ ಬಂದಾಗಿನಿಂದ ಅಲ್ಲ. ಹಾಗಾಗಿ ನಾನು ವಿಮಾನದ ಸಮಯದಿಂದ ಹಿಂದಕ್ಕೆ ಎಣಿಸಿದೆ. ಶುಕ್ರವಾರ ಮಧ್ಯಾಹ್ನ ಹೊರಡುವ ವಿಮಾನವಾದರೆ ಮಂಗಳವಾರ ಮಧ್ಯಾಹ್ನಕ್ಕಿಂತ ಮುಂಚೆ ಕೊಟ್ಟ ಸ್ಯಾಂಪಲ್ ಲೆಕ್ಕಕ್ಕಿಲ್ಲ. ಹಾಗಂತ ಮಂಗಳವಾರ ಸಂಜೆಯೇ ಹೋಗುವುದೂ ಜಾಣತನವಲ್ಲ. ವಿಮಾನ ಅರ್ಧ ದಿನ ತಡವಾದರೆ ರಿಪೋರ್ಟ್ ಹಳೆಯದಾಗುತ್ತದೆ. ಗುರುವಾರಕ್ಕೆ ಬಿಟ್ಟರೆ ಲ್ಯಾಬಿನವರು ನಿಧಾನ ಮಾಡಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಬುಧವಾರ ಬೆಳಿಗ್ಗೆ ಸರಿ ಅನ್ನಿಸಿತು. ಎರಡೂ ಕಡೆ ಒಂದಿಷ್ಟು ಜಾಗ ಉಳಿಯುತ್ತದೆ. ಕ್ರಿಸ್‌ಮಸ್ ರಜೆ ಬೇರೆ ಹತ್ತಿರವಿತ್ತು, ಅದಕ್ಕೆ ಲ್ಯಾಬ್ ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ಕೇಳಿಟ್ಟುಕೊಂಡಿದ್ದೆ.

ಮನೆ ಹತ್ತಿರವೇ ಪರೀಕ್ಷಾ ಕೇಂದ್ರವಿತ್ತು. ಜರ್ಮನಿಯಲ್ಲಿ ನವೆಂಬರ್‌ನಿಂದ ಮತ್ತೆ ಉಚಿತವಾಗಿ ಪರೀಕ್ಷೆ ಮಾಡುತ್ತಿದ್ದರು. ಆದರೆ ಅದು ಬೇಗ ಫಲಿತಾಂಶ ಕೊಡುವ ಆಂಟಿಜೆನ್ ಪರೀಕ್ಷೆ, ಭಾರತಕ್ಕೆ ನಡೆಯುತ್ತಿರಲಿಲ್ಲ. ದುಡ್ಡು ಕೊಟ್ಟು ಪಿಸಿಆರ್ ಮಾಡಿಸಲೇಬೇಕಿತ್ತು. ಅಮೆರಿಕದಲ್ಲಿರುವ ನೆಂಟರು ವಾಟ್ಸಾಪ್‌ನಲ್ಲಿ 'ಆಂಟಿಜೆನ್ ಸಾಕು, ಹಿಂದಿನ ದಿನ ಮಾಡಿಸಿದರಾಯಿತು' ಎಂದು ಬರೆದಿದ್ದರು. ಅವರ ದೇಶಕ್ಕೆ ಆಗ ಅದು ಸರಿಯಾಗಿತ್ತು. ಡಿಸೆಂಬರ್ 6ರಿಂದ ಅಲ್ಲಿ ಒಂದು ದಿನದ ನಿಯಮ ಬಂದಿತ್ತು, ಎಣಿಸುವುದು ಗಂಟೆಯಲ್ಲಲ್ಲ, ಕ್ಯಾಲೆಂಡರ್ ದಿನದಲ್ಲಿ. ಈ ವಿಷಯದಲ್ಲಿ ನೆಂಟರ ಮಾತಿಗಿಂತ ಆರೋಗ್ಯ ಸಚಿವಾಲಯದ ಪಿಡಿಎಫ್ ಓದುವುದೇ ವಾಸಿ.

ಇನ್ನೊಂದು ಕಾಟ ಹೆಸರಿನದು. ನಮ್ಮ ಕಡೆ ಎಷ್ಟೋ ಜನರಿಗೆ ಇರುವಂತೆ ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗ ಖಾಲಿ. ಲ್ಯಾಬಿನ ಆನ್‌ಲೈನ್ ಫಾರ್ಮ್ ಮಾತ್ರ ಅದನ್ನು ತುಂಬದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಟಿಕೆಟ್‌ನಲ್ಲಿ ಹೇಗಿತ್ತೋ ಹಾಗೇ ಬರೆದೆ. ರಿಪೋರ್ಟಿನಲ್ಲಿ ಪಾಸ್‌ಪೋರ್ಟ್ ನಂಬರ್, ಸ್ಯಾಂಪಲ್ ತೆಗೆದ ದಿನ ಮತ್ತು ಗಂಟೆ, ಇಂಗ್ಲಿಷ್‌ನಲ್ಲಿ 'ಆರ್‌ಟಿ-ಪಿಸಿಆರ್' ಎಂಬ ಮಾತು, ಇಷ್ಟೂ ಅಚ್ಚಾಗಬೇಕೆಂದು ಕೌಂಟರಿನಲ್ಲೇ ಹೇಳಿದೆ. ಹೆಸರಲ್ಲಿ ಗೊಂದಲವಾದರೂ ನಂಬರ್ ಕಾಪಾಡುತ್ತದೆ. ಚೆಕ್‌ಇನ್‌ನಲ್ಲಿ ಹಾಗೇ ಆಯಿತು.

ರಿಪೋರ್ಟ್ ಬಂದ ಮೇಲೆ ಏರ್ ಸುವಿಧಾ, ಅಂದರೆ ಭಾರತಕ್ಕೆ ಬರುವವರು ಆಗ ಆನ್‌ಲೈನ್‌ನಲ್ಲಿ ತುಂಬಬೇಕಿದ್ದ ಫಾರ್ಮ್. ಪಾಸ್‌ಪೋರ್ಟ್ ಪ್ರತಿ, ರಿಪೋರ್ಟ್, ಹಿಂದಿನ 14 ದಿನ ಎಲ್ಲೆಲ್ಲಿ ಇದ್ದೆವು ಎಂಬ ವಿವರ, ಎಲ್ಲ ಹಾಕಬೇಕಿತ್ತು. ಫೈಲ್ ದೊಡ್ಡದಾದರೆ ಒಳಗೆ ಹೋಗುತ್ತಿರಲಿಲ್ಲ, ಅದಕ್ಕೆ ಸ್ಕ್ಯಾನ್ ಮಾಡುವಾಗಲೇ ಚಿಕ್ಕದು ಮಾಡಿಟ್ಟಿದ್ದೆ. ಡಿಸೆಂಬರ್ 20ರಿಂದ ಅಟ್ ರಿಸ್ಕ್ ದೇಶಗಳಿಂದ ಬೆಂಗಳೂರು ಸೇರಿ ಆರು ವಿಮಾನ ನಿಲ್ದಾಣಗಳಿಗೆ ಬರುವವರು ಇಳಿದ ಮೇಲಿನ ಪರೀಕ್ಷೆಯನ್ನೂ ಮೊದಲೇ ಬುಕ್ ಮಾಡಬೇಕಿತ್ತು. ಅದನ್ನೂ ಮುಗಿಸಿದೆ.

ಈಚೆಗೆ ಕೋವಿಡ್ ಬಂದು ಹೋಗಿದ್ದವರ ಪಾಡು ಬೇರೆ. ಗುಣವಾದ ಮೇಲೂ ಕೆಲವು ವಾರ ವೈರಸ್ಸಿನ ಚೂರುಪಾರು ಮೂಗಿನಲ್ಲಿ ಉಳಿದಿರುತ್ತದೆ. ಪಿಸಿಆರ್ ಅದನ್ನೂ ಹಿಡಿದು ಪಾಸಿಟಿವ್ ಎನ್ನುತ್ತದೆ. ನನ್ನ ಪರಿಚಯದವರೊಬ್ಬರು ಹೀಗೇ ಟಿಕೆಟ್ ಮುಂದಕ್ಕೆ ಹಾಕಿದರು. ಅಂಥವರು ಹಣ ವಾಪಸಾಗುವ ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯದಿತ್ತು ಅನ್ನಿಸುತ್ತದೆ, ಸ್ವಲ್ಪ ಜಾಸ್ತಿ ಬೆಲೆಯಾದರೂ.

ಬೆಂಗಳೂರಿನಲ್ಲಿ ಇಳಿದ ಮೇಲೆ ಫಲಿತಾಂಶ ಬರುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ರ‍್ಯಾಪಿಡ್ ಪಿಸಿಆರ್ ತೆಗೆದುಕೊಂಡರೆ ಬೇಗ ಬರುತ್ತಿತ್ತು, ಆದರೆ ದುಬಾರಿ. ಮಾಮೂಲಿಯದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ನಿದ್ದೆಗೆಟ್ಟಿದ್ದ ನಾನು ರ‍್ಯಾಪಿಡ್ ಆರಿಸಿಕೊಂಡೆ, ಬೇಜಾರಿಲ್ಲ. ನನ್ನ ಪಕ್ಕ ಕೂತಿದ್ದವರು ಮಂಗಳೂರಿಗೆ ಹೋಗಬೇಕಿತ್ತು. ಮುಂದಿನ ವಿಮಾನವನ್ನು ಸಂಜೆಗೆ ಇಟ್ಟುಕೊಂಡಿದ್ದರು, ಜಾಣರು. ಮುಂದಿನ ವಿಮಾನ ಹತ್ತಲೂ ನೆಗೆಟಿವ್ ಬರಲೇಬೇಕಿತ್ತಲ್ವಾ?

ಕಾಯುವಾಗ ಒಂದು ಯೋಚನೆ ಬಂತು. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಡಿಸೆಂಬರ್ 2ರಂದು ಕರ್ನಾಟಕದಲ್ಲೇ ಗೊತ್ತಾಗಿದ್ದವು. ಅವರಲ್ಲೊಬ್ಬರು ಬೆಂಗಳೂರಿನ ವೈದ್ಯರು, ವಿದೇಶಕ್ಕೇ ಹೋಗಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಎಷ್ಟು ಜರಡಿ ಹಿಡಿದರೂ ಆಗಲೇ ಊರೊಳಗೆ ನುಗ್ಗಿದ್ದನ್ನು ತಡೆಯಲಾಗದು. ಪಾಸಿಟಿವ್ ಬಂದವರ ಸ್ಯಾಂಪಲ್ ಜೀನೋಮ್ ಪರೀಕ್ಷೆಗೆ ಹೋಗುತ್ತಿತ್ತು. ಯಾವ ತಳಿ ಬರುತ್ತಿದೆ ಎಂದು ತಿಳಿಯಲು ಅದು ಬೇಕೇ ಬೇಕಿತ್ತು, ಆ ಮಟ್ಟಿಗೆ ಈ ಕಾಯುವಿಕೆಯನ್ನು ನಾನು ಒಪ್ಪುತ್ತೇನೆ.

ಎಂಟನೇ ದಿನದ ಪರೀಕ್ಷೆಗೆ ಲ್ಯಾಬಿನ ಹುಡುಗ ಮನೆಗೇ ಬಂದ. ನೆಗೆಟಿವ್. 2022ರ ಜನವರಿ 11ರಿಂದ ಏಳು ದಿನದ ಕ್ವಾರಂಟೈನ್ ಎಲ್ಲ ದೇಶದಿಂದ ಬಂದವರಿಗೂ ಕಡ್ಡಾಯವಾಯಿತು. ಫೆಬ್ರವರಿ 14ಕ್ಕೆ ಅದನ್ನೇ ತೆಗೆದುಹಾಕಿದರು.