ಸದ್ದಿಗೆ ಮಾಗಿಯ ರಾತ್ರಿ, ಶಾಖಕ್ಕೆ ಏಪ್ರಿಲ್ ಮಧ್ಯಾಹ್ನ: ಹೋಮ್ ಥಿಯೇಟರ್ ಕಂಪ್ಯೂಟರನ್ನು ಹದಕ್ಕೆ ತರುವ ಬಗೆ

ಚಿಕ್ಕಮಗಳೂರಿನ ಹೆಂಚಿನ ಮನೆಯಲ್ಲಿ ಡಿಸೆಂಬರ್ ರಾತ್ರಿ ಸಿನಿಮಾ ನೋಡಲು ಕುಳಿತಾಗ ಟಿವಿಯ ಕೆಳಗಿರುವ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದು ಎಷ್ಟು ಕಿರಿಕಿರಿ ಮಾಡುತ್ತದೆ ಎಂಬುದು ಕರಾವಳಿಯವರಿಗೆ ಸುಲಭವಾಗಿ ಅರ್ಥವಾಗಲಾರದು. ಅಲ್ಲಿ ವರ್ಷವಿಡೀ ತಿರುಗುವ ಸೀಲಿಂಗ್ ಫ್ಯಾನ್ ಸಣ್ಣಪುಟ್ಟ ಸದ್ದುಗಳನ್ನೆಲ್ಲ ನುಂಗಿಬಿಡುತ್ತದೆ. ನಮ್ಮಲ್ಲಿ ಮಾಗಿಯ ಚಳಿಯಲ್ಲಿ ಫ್ಯಾನ್ ಹಾಕುವವರೇ ಇಲ್ಲ. ಅದೇ ಕಂಪ್ಯೂಟರು ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಚಾಲೂ ಇದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಆದ್ದರಿಂದ ಸದ್ದನ್ನು ಚಳಿಗಾಲದ ರಾತ್ರಿಯಲ್ಲಿಯೂ, ಶಾಖವನ್ನು ಕಾಫಿ ಗಿಡಗಳಲ್ಲಿ ಹೂವರಳಿಸುವ ಹೂಮಳೆ ಬರುವ ಮುಂಚಿನ ಬೇಸಗೆಯ ಮಧ್ಯಾಹ್ನದಲ್ಲಿಯೂ ಪರೀಕ್ಷಿಸಬೇಕು. ಒಂದೇ ಸಂಜೆಯಲ್ಲಿ ಎರಡನ್ನೂ ಹೊಂದಿಸಿ ಮುಗಿಸಿದವರು ಮುಂದಿನ ಋತುವಿನಲ್ಲಿ ಮತ್ತೆ ಸ್ಕ್ರೂಡ್ರೈವರ್ ಹಿಡಿಯಬೇಕಾಗುತ್ತದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ 9ರಷ್ಟು ಕಡಿಮೆಯಿರುವುದರಿಂದ, ಕಂಪ್ಯೂಟರಿನೊಳಗಿನ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಅಷ್ಟರಮಟ್ಟಿಗೆ ಕಡಿಮೆ ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಕೋಣೆಗಳು ತಂಪಾಗಿರುವುದರಿಂದ ಈ ಕೊರತೆ ಬಹುತೇಕ ತುಂಬಿಹೋಗುತ್ತದೆ.

ಮೊದಲು ಮಾಡಬೇಕಾದ ಕೆಲಸ ಶಾಖವನ್ನು ಹೊರಗೆ ಹಾಕುವುದಲ್ಲ, ಹುಟ್ಟದಂತೆ ನೋಡಿಕೊಳ್ಳುವುದು. ವಿಡಿಯೊ ಪ್ಲೇಯರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ವಿಡಿಯೊ ಬಿಡಿಸುವ ಕೆಲಸವನ್ನು ಅದಕ್ಕೆಂದೇ ಇರುವ ಸರ್ಕ್ಯೂಟಿಗೆ ಒಪ್ಪಿಸುವುದು) ಆನ್ ಆಗಿದೆಯೇ ಎಂದು ನೋಡಿ. 2017ರಲ್ಲಿ ಡೆಸ್ಕ್‌ಟಾಪಿಗೆ ಬಂದ ಇಂಟೆಲ್ ಏಳನೇ ತಲೆಮಾರಿನ ಪ್ರೊಸೆಸರುಗಳಲ್ಲಿ 10 ಬಿಟ್ ಎಚ್‌ಇವಿಸಿ (4ಕೆ ಸಿನಿಮಾಗಳನ್ನು ಕುಗ್ಗಿಸಿಡುವ ಒಂದು ಬಗೆ) ವಿಡಿಯೊವನ್ನು ಬಿಡಿಸುವ ಸರ್ಕ್ಯೂಟ್ ಒಳಗೇ ಇರುತ್ತದೆ. ಅದನ್ನು ಬಳಸದೆ ಸಾಫ್ಟ್‌ವೇರಿನಿಂದಲೇ 4ಕೆ ಸಿನಿಮಾ ಓಡಿಸಿದರೆ ಪ್ರೊಸೆಸರ್ ಸುಮ್ಮನೆ ಬೆವರುತ್ತದೆ. ವಿಂಡೋಸ್ ಬಳಸುವವರು ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ವೇಗ, ಅಂದರೆ ಪ್ರೊಸೆಸರ್ ತನ್ನ ಮೂಲ ವೇಗವನ್ನು ಮೀರಿ ಓಡುವುದು, ನಿಂತುಹೋಗುತ್ತದೆ. ಸಿನಿಮಾ ನೋಡುವ ಯಂತ್ರಕ್ಕೆ ಟರ್ಬೊ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಗಾಳಿಯ ದಾರಿ. ನನ್ನ ಯಂತ್ರವನ್ನು ಮೂರು ಕಡೆ ಪ್ಲೈವುಡ್, ಮುಂದೆ ಗಾಜಿನ ಬಾಗಿಲು ಇರುವ ಶೋಕೇಸಿನೊಳಗೆ ಇಟ್ಟಿದ್ದೆ. ಒಂದು ಗಂಟೆಯೊಳಗೆ ತಾನು ಉಗುಳಿದ ಬಿಸಿಗಾಳಿಯನ್ನೇ ತಾನು ಮತ್ತೆ ಎಳೆದುಕೊಳ್ಳುತ್ತ, ಫ್ಯಾನುಗಳು ಬೊಬ್ಬೆ ಹಾಕತೊಡಗಿದವು. ಹಿಂಬದಿಯ ಹಲಗೆಯನ್ನು ಬಡಗಿಯಿಂದ ಕತ್ತರಿಸಿಸಿ, ಗೋಡೆಗೂ ಶೋಕೇಸಿಗೂ ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟ ಮೇಲೆ, ಹೊಸ ಫ್ಯಾನ್ ಕೊಳ್ಳುವ ಮಾತೇ ಉಳಿಯಲಿಲ್ಲ. ಗಾಳಿ ಯಾವ ಕಡೆಯಿಂದ ಒಳಗೆ ಹೋಗಿ ಯಾವ ಕಡೆಯಿಂದ ಹೊರಬರುತ್ತಿದೆ ಎಂದು ತಿಳಿಯಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಹೊತ್ತಿಸಿದ ಬತ್ತಿಯನ್ನು ಪ್ರತಿಯೊಂದು ಕಿಂಡಿಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದರೆ, ಹೊಗೆಯ ಎಳೆ ಒಳಕ್ಕೆ ಬಾಗುವ ಜಾಗ, ಹೊರಕ್ಕೆ ಚದುರುವ ಜಾಗ, ಎತ್ತಲೂ ಹೋಗದೆ ನೇರ ಮೇಲೇರುವ ಜಾಗ ಮೂರೂ ಕಣ್ಣಿಗೆ ಕಾಣುತ್ತವೆ. ಮೂರನೆಯ ಬಗೆಯ ಕಿಂಡಿಗಳು ಹೆಚ್ಚಿದ್ದರೆ ಒಳಗಿನ ವೈರುಗಳ ಗೋಜಲನ್ನು ಕಟ್ಟಿ ಬದಿಗೆ ಸರಿಸಬೇಕು.

ಇನ್ನು ಫ್ಯಾನುಗಳ ಆಯ್ಕೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಲಾಭದಾಯಕ. ಫ್ಯಾನ್ ತಳ್ಳುವ ಗಾಳಿಯ ಪ್ರಮಾಣ ಅದರ ವೇಗಕ್ಕೆ ನೇರ ಅನುಪಾತದಲ್ಲಿದ್ದರೆ, ಸದ್ದು ಅದಕ್ಕಿಂತ ಬಹಳ ಕಡಿದಾಗಿ ಏರುತ್ತದೆ: ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಒಂದೇ ಬಗೆಯ ಎರಡು ಫ್ಯಾನುಗಳು ಸೇರಿದಾಗ ಹೆಚ್ಚುವ ಸದ್ದು ಕೇವಲ 3 ಡೆಸಿಬಲ್. ಹಾಗಾಗಿ ಒಂದು ಫ್ಯಾನ್ ಪೂರ್ಣ ವೇಗದಲ್ಲಿ ತಳ್ಳುವಷ್ಟು ಗಾಳಿಯನ್ನು ಎರಡು ಫ್ಯಾನುಗಳು ಅರ್ಧ ವೇಗದಲ್ಲಿ ಸುಮಾರು 12 ಡೆಸಿಬಲ್ ಕಡಿಮೆ ಸದ್ದಿನಲ್ಲಿ ತಳ್ಳಬಲ್ಲವು. ಅಗಲದ ಲೆಕ್ಕವೂ ಹೀಗೆಯೇ. 120 ಮಿಲಿಮೀಟರಿನ ಫ್ಯಾನ್ ಮಾಡುವ ಕೆಲಸವನ್ನು 80 ಮಿಲಿಮೀಟರಿನದು ಮಾಡಬೇಕಾದರೆ, ಸಿದ್ಧಾಂತದ ಪ್ರಕಾರ, ಮೂರು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ತಿರುಗಬೇಕು. ಚಪ್ಪಟೆಯಾದ ಅಂದದ ಕ್ಯಾಬಿನೆಟ್ಟುಗಳಲ್ಲಿ ದೊಡ್ಡ ಫ್ಯಾನಿಗೆ ಜಾಗವಿರುವುದಿಲ್ಲ ಎಂಬುದನ್ನು ಕೊಳ್ಳುವ ಮುಂಚೆಯೇ ನೋಡಿಕೊಳ್ಳುವುದು ಒಳಿತು.

ನಾಲ್ಕು ಪಿನ್ನಿನ ಫ್ಯಾನ್ ಇದ್ದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ ವೇಗದ ಪಟ್ಟಿಯನ್ನು ನಾವೇ ಬರೆಯಬಹುದು. ಪ್ರೊಸೆಸರ್ 55 ಡಿಗ್ರಿ ಮುಟ್ಟುವವರೆಗೆ ನೂರಕ್ಕೆ 30, 70 ಡಿಗ್ರಿಗೆ 50, 85 ಡಿಗ್ರಿ ದಾಟಿದರೆ ಪೂರ್ಣ ವೇಗ ಎಂದು ಆರಂಭಿಸಿ, ಚಳಿಗಾಲದ ರಾತ್ರಿ ಕುಳಿತು ಕಿವಿಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಒಂದೇ ಮಟ್ಟದಲ್ಲಿರುವ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಏರಿಳಿಯುವ ಸದ್ದನ್ನು ಮರೆಯುವುದಿಲ್ಲ. ಆದ್ದರಿಂದ ಉಷ್ಣತೆ ಏರಿದ ಕೂಡಲೇ ವೇಗ ಏರದಂತೆ ಕೆಲವು ಸೆಕೆಂಡುಗಳ ವಿಳಂಬವನ್ನು ತಪ್ಪದೆ ಕೊಡಬೇಕು.

ಎಲ್ಲ ಸದ್ದೂ ಗಾಳಿಯದಲ್ಲ. ಹಾರ್ಡ್‌ಡಿಸ್ಕಿನ ನಡುಕ ಮರದ ಹಲಗೆಗೆ ಇಳಿದರೆ ಇಡೀ ಶೋಕೇಸೇ ಮೃದಂಗವಾಗುತ್ತದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಎರಡು ಬೆರಳಗಲದ ನಾಲ್ಕು ತುಂಡು ಕತ್ತರಿಸಿ ಕ್ಯಾಬಿನೆಟ್ಟಿನ ಕಾಲುಗಳ ಕೆಳಗೆ ಇಟ್ಟರೆ ಈ ನಡುಕ ಅಲ್ಲಿಯೇ ಸಾಯುತ್ತದೆ. ಕಾಫಿಯ ಗೋಣಿಚೀಲವನ್ನು ಮಡಿಸಿ ಹಾಕುವ ಆಲೋಚನೆ ನಮ್ಮ ಕಡೆ ಯಾರಿಗಾದರೂ ಬರುವಂಥದ್ದೇ, ಆದರೆ ಸೆಣಬಿನ ನಾರು ಉದುರಿ ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿಗೆ ಸೇರುತ್ತದೆ, ಅದು ಬೇಡ. ಸಿನಿಮಾಗಳ ಸಂಗ್ರಹವನ್ನು ಬೇರೆ ಕೋಣೆಯ ಡಿಸ್ಕಿನಲ್ಲಿಟ್ಟು, ಟಿವಿಯ ಬಳಿಯ ಯಂತ್ರಕ್ಕೆ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕ್ ಮಾತ್ರ ಉಳಿಸುವುದು ಇದಕ್ಕಿಂತಲೂ ಉತ್ತಮ.

ಮಳೆಗಾಲದ ಥಂಡಿಯಲ್ಲಿ ಫಿಲ್ಟರಿನ ಮೇಲಿನ ಧೂಳು ಒದ್ದೆಯಾಗಿ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಅದನ್ನು ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಕರೆಂಟು ಹೋದಾಗ ಮಾತ್ರ ಅದರಿಂದ ಜುಂಯ್ ಎಂಬ ಸದ್ದು ಬರುತ್ತಿದ್ದರೆ ದೋಷ ಫ್ಯಾನಿನದಲ್ಲ, ಶುದ್ಧ ಸೈನ್ ವೇವ್ (ಕರೆಂಟಿನಂತೆಯೇ ನಯವಾಗಿ ಏರಿಳಿಯುವ ವಿದ್ಯುತ್) ಕೊಡದ ಇನ್ವರ್ಟರಿನದು ಇರಬಹುದು.

ಇಷ್ಟಾದ ಮೇಲೆ ಏಪ್ರಿಲ್‌ನ ಒಂದು ಮಧ್ಯಾಹ್ನ, ಎರಡು ಗಂಟೆಗೆ, ಶೋಕೇಸಿನ ಬಾಗಿಲು ಮುಚ್ಚಿ, ಮೂರು ಗಂಟೆಯ ಸಿನಿಮಾವೊಂದನ್ನು ಪೂರ್ತಿ ಓಡಿಸಿ. ಕೊನೆಯಲ್ಲಿ ಪ್ರೊಸೆಸರ್ 75 ಡಿಗ್ರಿಯ ಒಳಗೂ ಹಾರ್ಡ್‌ಡಿಸ್ಕ್ 45ರ ಒಳಗೂ ಇದ್ದರೆ ಚಳಿಗಾಲದಲ್ಲಿ ಬರೆದ ವೇಗದ ಪಟ್ಟಿಯನ್ನು ಹಾಗೆಯೇ ಬಿಡಬಹುದು; ಮೀರಿದ್ದರೆ ಫ್ಯಾನಿನ ವೇಗವನ್ನು ಮುಟ್ಟುವ ಮೊದಲು ಗಾಜಿನ ಬಾಗಿಲನ್ನು ತೆಗೆದಿಟ್ಟು ಇನ್ನೊಮ್ಮೆ ನೋಡಿ.