ಪಿ0302, ಪಿ0303: ಮಿಸ್ ಹೊಡೆಯದ ಎಂಜಿನ್ನಿಗೆ ಬಂದ ಮಿಸ್‌ಫೈರ್ ಕೋಡ್

ನಾಲ್ಕು ತಿಂಗಳು, ಎರಡು ಕಾಯಿಲ್ ಪ್ಯಾಕ್, ಮೂರು ಸೆಟ್ ಪ್ಲಗ್, ಒಂದು ಲ್ಯಾಪ್‌ಟಾಪ್. ಇಷ್ಟು ಕಳೆದುಕೊಂಡ ಮೇಲೆ ಗೊತ್ತಾಗಿದ್ದು, ನನ್ನ ಎಂಜಿನ್ ಒಂದು ಸಲವೂ ಮಿಸ್ ಹೊಡೆದೇ ಇರಲಿಲ್ಲ, ಅಂದರೆ ಯಾವ ಸಿಲಿಂಡರೂ ಉರಿಯದೆ ಬಿಟ್ಟಿರಲಿಲ್ಲ ಅಂತ. "ಸೌಂಡ್ ಕಾರ್ಡಿನಲ್ಲಿ ಕ್ರ್ಯಾಂಕ್ ಸಿಗ್ನಲ್ ನೋಡ್ತೀಯಾ? ಅದು ಹಾಡು ಕೇಳೋಕೆ ಇರೋದು ಮಾರಾಯ" ಅಂತ ನಕ್ಕವರೇ ಈಗ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ತಿರುಗುವ ಸಿಗ್ನಲ್ಲನ್ನು ಲ್ಯಾಪ್‌ಟಾಪಿಗೆ ತರುವ ಆ ವೈರು ಒಂದು ದಿನದ ಮಟ್ಟಿಗೆ ಕೊಡು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಕಾರು ಎರಡನೇ ತಲೆಮಾರಿನ ಮಾಜ್ದಾ ಎಂಎಕ್ಸ್-5, 1999ರ ಮಾಡೆಲ್, 1.8 ಲೀಟರ್ ಬಿಪಿ ಎಂಜಿನ್. ಚಿಕ್ಕ ಟರ್ಬೊ, ಹೆಚ್ಚುಕಮ್ಮಿ 8 ಪಿಎಸ್‌ಐ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ), ಕ್ರ್ಯಾಂಕಿನ ತುದಿಯ ಭಾರದ ಚಕ್ರ ಅಂದರೆ ಫ್ಲೈವೀಲ್ ಕೂಡ ಹಗುರದ್ದು. ಕಂಪನಿಯ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹಾಗೇ ಇದೆ, ಅದರ ಮೇಲೆ ಅದರ ಸಿಗ್ನಲ್ ತಿದ್ದುವ ಪಿಗ್ಗಿಬ್ಯಾಕ್ ಅನ್ನುವ ಡಬ್ಬಿ ಕೂತಿದೆ. ಇಸಿಯು ಕಿತ್ತು ಪೂರ್ತಿ ಬೇರೆಯದೇ ಕಂಪ್ಯೂಟರ್ (ಸ್ಟ್ಯಾಂಡ್‌ಅಲೋನ್) ಹಾಕಿಸಿದ್ದರೆ ಈ ಕೋಡಿನ ಕಾಟವೇ ಇರುತ್ತಿರಲಿಲ್ಲ, ನಿಜ. ಆದರೆ ಕೋಡ್ ಬರದಂತೆ ಮಾಡಿದರೆ ಕಾಯಿಲೆ ವಾಸಿಯಾದಂತಲ್ಲ.

ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಮುಂದಿನ ಕ್ರ್ಯಾಂಕ್ ಸೀಲ್ ಬದಲಾಯಿಸಿದ ಮೇಲೆ ಹತ್ತು ಹದಿನೈದು ದಿನ ಕಾರು ಬೆಣ್ಣೆಯಂತೆ ಓಡಿತು. ಆಮೇಲೆ ಒಂದು ದಿನ ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಪಿ0302, ಪಿ0303. ಎರಡನೇ ಮತ್ತು ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್.

ಈ ಎಂಜಿನ್ ಬಿಚ್ಚಿದ ಯಾರಿಗೇ ಈ ಎರಡು ನಂಬರ್ ಹೇಳಿ, ಮರುಕ್ಷಣವೇ "ಕಾಯಿಲ್" ಅನ್ನುತ್ತಾರೆ. ವೇಸ್ಟ್ ಸ್ಪಾರ್ಕ್ ಅಲ್ಲವೇ, ಕಿಡಿ ಕೊಡುವ ಒಂದೊಂದು ಕಾಯಿಲ್ ಎರಡೆರಡು ಸಿಲಿಂಡರಿಗೆ: 1 ಮತ್ತು 4ಕ್ಕೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು. ಎರಡೂ ಒಟ್ಟಿಗೆ ಹೋದರೆ ಕಾಯಿಲ್ ಹೋಗಿದೆ ಅಂತಲೇ ಅರ್ಥ. ನಾನೂ ಹಾಗೇ ಅಂದುಕೊಂಡೆ. ಹೊಸ ಕಾಯಿಲ್ ಪ್ಯಾಕ್ ತರಿಸಿದೆ. ಆ ದುಡ್ಡಿಗೆ ಎರಡು ಒಳ್ಳೇ ಟೈರ್ ಬರುತ್ತಿತ್ತು. ಹಾಕಿದೆ, ಕೋಡ್ ಅಳಿಸಿದೆ, ಮೂರನೇ ದಿನಕ್ಕೆ ಅವೇ ಎರಡು ನಂಬರ್ ವಾಪಸ್. ಹೊಸದೇ ಕೆಟ್ಟಿರಬೇಕು ಅಂತ ಇನ್ನೊಂದು ಪ್ಯಾಕ್ ತಂದೆ. ಈ ಬುದ್ಧಿಗೆ ಏನು ಹೇಳೋಣ! ಅದಕ್ಕೂ ಮೊದಲು, 1-4ರ ಕಾಯಿಲನ್ನು 2-3ಕ್ಕೆ, ಅದನ್ನು ಇದಕ್ಕೆ, ಲೀಡು ಮತ್ತು ಕನೆಕ್ಟರ್ ಸಮೇತ ಅದಲು ಬದಲು ಮಾಡಿ ನೋಡಿದ್ದರೆ ಸಾಕಿತ್ತು, ಖರ್ಚಿಲ್ಲದ ಪರೀಕ್ಷೆ. ಮಾಡಿದ್ದು ಎರಡನೇ ಪ್ಯಾಕ್ ಬಂದ ಮೇಲೆ. ಕೋಡ್ 1-4ಕ್ಕೆ ಹೋಗಲಿಲ್ಲ, 2-3ರಲ್ಲೇ ಕೂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು ನನ್ನ ಕಥೆ.

ಪ್ಲಗ್ ಗ್ಯಾಪನ್ನು 0.7 ಮಿ.ಮೀ.ಗೆ ಇಳಿಸಿದೆ, ಶಾಖವನ್ನು ಬೇಗ ಬಿಡುವ, ಒಂದು ಹಂತ ತಣ್ಣನೆಯ ಪ್ಲಗ್ ಹಾಕಿದೆ, ಲೀಡ್ ಬದಲಾಯಿಸಿದೆ, ಇಂಜೆಕ್ಟರ್‌ಗಳನ್ನು ಅದಲು ಬದಲು ಮಾಡಿದೆ, ಕಂಪ್ರೆಷನ್ ನೋಡಿದೆ. ನಾಲ್ಕೂ ಸಿಲಿಂಡರ್ ಐದು ಪಿಎಸ್‌ಐ ವ್ಯತ್ಯಾಸದೊಳಗೆ ಇದ್ದವು. ಪಿಗ್ಗಿಬ್ಯಾಕ್ ಕ್ರ್ಯಾಂಕ್ ಸಿಗ್ನಲ್ ತಡಮಾಡಿ ಟೈಮಿಂಗ್ ಹಿಂದೆ ಹಾಕುತ್ತದೆ, ಅದೇ ಇಸಿಯುವಿಗೆ ಗೊಂದಲ ಮಾಡುತ್ತಿರಬೇಕು ಅಂತ ಒಬ್ಬರು ಹೇಳಿದರು. ತೆಗೆದು ಬೂಸ್ಟ್ ಇಲ್ಲದೆ ಒಂದು ವಾರ ಓಡಿಸಿದೆ. ಕೋಡ್ ಬಂತು. ಫ್ಲೈವೀಲ್ ಹಗುರ ಮಾಡಿದ್ದರಿಂದ ಕ್ರ್ಯಾಂಕ್ ಕುಣಿಯುತ್ತೆ, ಇಸಿಯು ಹೆದರುತ್ತೆ, ಆ ಕೋಡ್ ಮರೆತುಬಿಡು ಅಂತ ಇನ್ನೊಬ್ಬರು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಆದರೆ ಫ್ಲೈವೀಲ್ ಹಾಕಿ ಎರಡು ವರ್ಷ ಆಗಿತ್ತು. ಅಲ್ಲದೆ ಫ್ಲೈವೀಲ್ ಕುಣಿಸುವುದಾದರೆ ನಾಲ್ಕೂ ಸಿಲಿಂಡರನ್ನು ಕುಣಿಸಬೇಕು. 2 ಮತ್ತು 3ನ್ನು ಮಾತ್ರ ಆರಿಸಿಕೊಳ್ಳುವಷ್ಟು ಪಕ್ಷಪಾತ ಫ್ಲೈವೀಲಿಗೆ ಇರಲ್ಲ.

ನನ್ನ ತಲೆ ಕೆರೆಯಲು ಶುರುವಾಗಿದ್ದು ಕೋಡ್ ಬರುವ ಹೊತ್ತಿನಿಂದ. ನಿಜವಾದ ಸ್ಪಾರ್ಕ್ ಮಿಸ್ ಹೆಚ್ಚಾಗಿ ಬರುವುದು ಬೂಸ್ಟಿನಲ್ಲಿ, ಲೋಡ್ ಬಿದ್ದಾಗ. ನನ್ನದು ಬರುತ್ತಿದ್ದದ್ದು ಆರಾಮಾಗಿ 3500 ಆರ್‌ಪಿಎಂನ ಆಸುಪಾಸು ಕಾಲು ಸಡಿಲ ಬಿಟ್ಟು ಹೋಗುವಾಗ. ಐಡಲ್‌ನಲ್ಲಿ (ಕಾರು ನಿಂತಲ್ಲೇ ಎಂಜಿನ್ ಓಡುವಾಗ) ಇಲ್ಲವೇ ಇಲ್ಲ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ನೋಡಿದರೆ ಮುಳ್ಳು ಅಲ್ಲಾಡುತ್ತಿರಲಿಲ್ಲ. ಮಿಸ್ ಹೊಡೆದರೆ ಉರಿಯದ ಆಮ್ಲಜನಕ ಸೈಲೆನ್ಸರ್ ಕಡೆ ಬಂದು ಮುಳ್ಳು ಲೀನ್ (ಪೆಟ್ರೋಲ್ ಕಡಿಮೆ) ಕಡೆ ಎಗರಬೇಕಲ್ಲ? ಪೆಟ್ರೋಲ್ ವಾಸನೆ ಇಲ್ಲ, ಜರ್ಕ್ ಇಲ್ಲ.

ಇಲ್ಲೊಂದು ಅಡ್ಡದಾರಿ ಹಿಡಿದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಮ್ಯಾನಿಫೋಲ್ಡಿನ ನಾಲ್ಕು ಕೊಳವೆಗಳ ಬಿಸಿಯನ್ನು ಇನ್‌ಫ್ರಾರೆಡ್ ಗನ್ನಿನಿಂದ ಅಳೆದೆ. ಮೂರನೇದು 60 ಡಿಗ್ರಿ ಕಡಿಮೆ ತೋರಿಸಿತು. ಸಿಕ್ಕಿಬಿತ್ತು ಅಂತ ಕುಣಿದೆ. ಎರಡು ದಿನ ಆದಮೇಲೆ ಹೊಳೆಯಿತು: ಮೂರನೇ ಕೊಳವೆಯನ್ನು ಹಿಂದೆ ಬೆಸುಗೆ ಹಾಕಿಸಿ ಉಜ್ಜಿದ್ದರು, ಅದು ಮಿರಮಿರ ಮಿಂಚುತ್ತಿತ್ತು, ಉಳಿದ ಮೂರು ತುಕ್ಕು ಹಿಡಿದಿದ್ದವು. ಮಿಂಚುವ ಲೋಹದ ಮೇಲೆ ಆ ಗನ್ ಸುಳ್ಳು ಹೇಳುತ್ತದೆ. ನಾಲ್ಕಕ್ಕೂ ಶಾಖ ತಡೆಯುವ ಕಪ್ಪು ಬಣ್ಣದ ಚುಕ್ಕೆ ಇಟ್ಟು ಮತ್ತೆ ಅಳೆದರೆ ನಾಲ್ಕೂ ಹದಿನೈದು ಡಿಗ್ರಿಯೊಳಗೆ. ಅಂದರೆ ನಾಲ್ಕೂ ಸಿಲಿಂಡರ್ ಚೆನ್ನಾಗಿಯೇ ಉರಿಯುತ್ತಿದ್ದವು.

ಹಾಗಾದರೆ ಇಸಿಯು ಮಿಸ್ ಅಂತ ಯಾಕೆ ಹೇಳುತ್ತೆ? ಅದಕ್ಕೆ ಕಣ್ಣಿಲ್ಲ. ಕ್ರ್ಯಾಂಕ್ ಸೆನ್ಸರ್ ಮುಂದೆ ಹಲ್ಲು ಹಾದುಹೋಗುವ ಹೊತ್ತನ್ನು ಎಣಿಸುತ್ತೆ, ಹೊತ್ತು ಜಾಸ್ತಿ ಆದರೆ ಆ ಸಿಲಿಂಡರ್ ತಳ್ಳಲಿಲ್ಲ ಅಂತ ತೀರ್ಮಾನಿಸುತ್ತೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಪ್ಲೇಟಿನಲ್ಲಿ ನಾಲ್ಕೇ ಹಲ್ಲು, ಒಂದರಿಂದ ಇನ್ನೊಂದಕ್ಕೆ ಅಂತರ 70 ಡಿಗ್ರಿ, 110 ಡಿಗ್ರಿ, ಮತ್ತೆ 70, ಮತ್ತೆ 110. ಒಂದು ಜೋಡಿ 1-4ಕ್ಕೆ, ಇನ್ನೊಂದು ಜೋಡಿ 2-3ಕ್ಕೆ. ಇದನ್ನು ಕಾಗದದ ಮೇಲೆ ಬರೆದುಕೊಂಡಾಗ ಕೂತಲ್ಲೇ ಎದ್ದು ನಿಂತೆ. ಕಾಯಿಲ್ ಹಂಚಿಕೊಳ್ಳುವ ಅದೇ ಎರಡು ಸಿಲಿಂಡರ್‌ಗಳೇ ಹಲ್ಲನ್ನೂ ಹಂಚಿಕೊಳ್ಳುತ್ತವೆ! ಒಂದು ಹಲ್ಲು ಸೊಟ್ಟಗಿದ್ದರೆ ಪ್ರತಿ ಸುತ್ತಿನಲ್ಲೂ ಅದೇ ಜೋಡಿ ತಡವಾದಂತೆ ಕಾಣುತ್ತೆ, ಮತ್ತು ಅದು ಥೇಟ್ ಕಾಯಿಲ್ ಹೋದ ಹಾಗೇ ಕಾಣುತ್ತೆ. ವೇಗ ಏರಿದಷ್ಟೂ ನಿಜವಾದ ಮಿಸ್‌ನ ಗುರುತು ಸಣ್ಣದಾಗುತ್ತಾ ಹೋಗುತ್ತೆ, ಅದರ ಮುಂದೆ ಹಲ್ಲಿನ ಸುಳ್ಳು ಮಾತ್ರ ದೊಡ್ಡದಾಗಿ ಕಾಣುತ್ತಾ ಹೋಗುತ್ತೆ. ಐಡಲ್‌ನಲ್ಲಿ ಯಾಕೆ ಕೋಡ್ ಬರುತ್ತಿರಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಹಲ್ಲು ಸೊಟ್ಟಗಿದ್ರೆ ಪಿ0335 ಬರಬೇಕಿತ್ತು" ಅಂದರು. ಅದು ಕ್ರ್ಯಾಂಕ್ ಸೆನ್ಸರಿನ ಕೋಡ್, ಸಿಗ್ನಲ್ ಪೂರ್ತಿ ಕಳೆದುಹೋದರೆ ಬರುತ್ತೆ. ನನ್ನ ಸಿಗ್ನಲ್ ಕಳೆದುಹೋಗಿರಲಿಲ್ಲ, ಸುಳ್ಳು ಹೇಳುತ್ತಿತ್ತು ಅಷ್ಟೇ.

ಸಿಗ್ನಲನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಕೊಳ್ಳಲು ದುಡ್ಡಿರಲಿಲ್ಲ, ಕಾಯಿಲ್ ಪ್ಯಾಕ್‌ಗಳು ನುಂಗಿಹಾಕಿದ್ದವು. ಮೂಲೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇತ್ತು, ಅದಕ್ಕೆ ಲೈನ್ ಇನ್ (ಹೊರಗಿನ ಸದ್ದು ಒಳಕ್ಕೆ ತರುವ ಕಿಂಡಿ) ಇತ್ತು. ಆರು ಸಾವಿರ ಆರ್‌ಪಿಎಂನಲ್ಲೂ ನಾಲ್ಕು ಹಲ್ಲು ಅಂದರೆ ಸೆಕೆಂಡಿಗೆ 400 ಬಡಿತ. ಸೌಂಡ್ ಕಾರ್ಡ್ ಸೆಕೆಂಡಿಗೆ 44,100 ಸಲ ಅಳೆಯುತ್ತೆ. ಸಾಲದೇ? ಕ್ರ್ಯಾಂಕಿನ ಹಾಲ್ ಸೆನ್ಸರ್ (ಅಯಸ್ಕಾಂತದಿಂದ ಹಲ್ಲು ಗುರುತಿಸುವ ಸೆನ್ಸರ್) ಕೊಡುವ ಐದು ವೋಲ್ಟನ್ನು ರೆಸಿಸ್ಟರ್ ಕಟ್ಟಿ ಅರ್ಧ ವೋಲ್ಟಿಗಿಂತ ಕೆಳಗೆ ಇಳಿಸಿದೆ. 100 ಕಿಲೋಓಮ್ ಒಂದು, 10 ಕಿಲೋಓಮ್ ಒಂದು ಇದ್ದರೆ ಆಯಿತು. ಸೌಂಡ್ ಕಾರ್ಡ್ ಡಿಸಿಯನ್ನು, ಅಂದರೆ ಬದಲಾಗದೆ ನಿಂತ ವೋಲ್ಟನ್ನು, ಒಳಗೆ ಬಿಡುವುದಿಲ್ಲವಾದ್ದರಿಂದ ಚೌಕಾಕಾರದ ಅಲೆ ಇಳಿಜಾರಾಗಿ ಕಾಣುತ್ತೆ. ಆದರೆ ನನಗೆ ಬೇಕಿದ್ದದ್ದು ಅಂಚು ಮಾತ್ರ, ಅದು ಚೂಪಾಗೇ ಇರುತ್ತೆ. ಇಂಥ ಇಳಿಜಾರಿನಲ್ಲೂ ಅಂಚನ್ನು ಪ್ರತಿ ಸಲ ಅದೇ ಜಾಗದಲ್ಲಿ ಹಿಡಿಯಲು ಒಂದು ಉಪಾಯ ಇದೆ. ಅದು ನನ್ನ ಬಳಿಯೇ ಇರಲಿ, ಎಲ್ಲ ಹೇಳಿಬಿಟ್ಟರೆ ವೈರು ಕೇಳಲು ಯಾರೂ ಬರಲ್ಲ.

ಮೊದಲ ಲ್ಯಾಪ್‌ಟಾಪ್ ಸತ್ತ ಕಥೆ ಚಿಕ್ಕದು. ಕ್ರ್ಯಾಂಕ್ ಸಿಗ್ನಲ್ ಚೆನ್ನಾಗಿ ಬಂತು, ಆಸೆ ಹೆಚ್ಚಾಯಿತು, ಅದೇ ವೈರನ್ನು ಕಾಯಿಲಿಗೆ ಇಟ್ಟೆ. ಕಾಯಿಲ್ ಬಿಡುವ ಕ್ಷಣದಲ್ಲಿ ಅಲ್ಲಿ ಮುನ್ನೂರು ವೋಲ್ಟಿನ ಮೇಲೆ ಏರುತ್ತೆ ಅಂತ ಗೊತ್ತಿದ್ದೂ ಮರೆತಿದ್ದೆ. ಟಪ್ ಅಂತ ಒಂದು ಸದ್ದು, ಆಮೇಲೆ ಅದು ಮಾತಾಡಲಿಲ್ಲ. ಎರಡನೇದನ್ನು ಗೆಳೆಯನ ಹತ್ತಿರ ಬೇಡಿ ತಂದೆ, ಜೊತೆಗೆ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದೆ, ಸತ್ತರೆ ಅದೇ ಸಾಯಲಿ ಅಂತ. ಇನ್ನೊಂದು ವಿಷಯ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಇಲ್ಲದಿದ್ದರೆ ಅರ್ತ್ ಸುತ್ತಿ ಬಂದು ಹಮ್ (ಗುಂಯ್ ಅನ್ನುವ ಸದ್ದು) ಸೇರಿಕೊಳ್ಳುತ್ತೆ.

ಐಡಲ್‌ನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಹಲ್ಲಿನಿಂದ ಹಲ್ಲಿಗೆ ಆದ ಹೊತ್ತನ್ನು ಸ್ಪ್ರೆಡ್‌ಶೀಟಿಗೆ ಹಾಕಿದೆ. ನನಗೆ ಬೇಕಿದ್ದದ್ದು ಒಂದೇ, ಈ 70ಕ್ಕೂ ಆ 70ಕ್ಕೂ ಸಮ ಇದೆಯೇ ಅಂತ. ಸಾವಿರ ಆರ್‌ಪಿಎಂಗೆ 70 ಡಿಗ್ರಿ ಅಂದರೆ 11.7 ಮಿಲಿಸೆಕೆಂಡ್ ಆಗಬೇಕು. 1-4ರದು ಅಷ್ಟೇ ಇತ್ತು. 2-3ರದು ಸರಾಸರಿ 11.9ರ ಹತ್ತಿರ. ಡಿಗ್ರಿ ಲೆಕ್ಕದಲ್ಲಿ ಒಂದೂಕಾಲು ಡಿಗ್ರಿಯಷ್ಟು. ಅದರ ಪಕ್ಕದ 110 ಅಷ್ಟೇ ಕಡಿಮೆ. ಒಂದು ಹಲ್ಲು ತನ್ನ ಜಾಗ ಬಿಟ್ಟು ಸರಿದರೆ ಹೀಗೇ ಆಗಬೇಕು, ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆಯಬೇಕು.

"2-3 ಸಿಲಿಂಡರ್ ಸ್ವಲ್ಪ ಸೋತಿದ್ರೂ ಹೀಗೇ ಬರುತ್ತಲ್ಲ?" ಅಂತ ಗೆಳೆಯ ಕೇಳಿದ. ಒಳ್ಳೇ ಪ್ರಶ್ನೆ, ಒಪ್ಪಲೇಬೇಕು. ಅದಕ್ಕೆ ಉತ್ತರ ಹುಡುಕಿದ್ದೇ ಈ ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ತರುವ ಭಾಗ. ಗೇರಿನಲ್ಲಿ ಇದ್ದಂತೆಯೇ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಸಿಯು ಇಂಜೆಕ್ಟರ್‌ಗಳನ್ನೇ ನಿಲ್ಲಿಸುತ್ತೆ. ಆಗ ಯಾವ ಸಿಲಿಂಡರ್ರೂ ಉರಿಯುವುದಿಲ್ಲ, ಚಕ್ರಗಳು ಎಂಜಿನ್ ತಿರುಗಿಸುತ್ತವೆ. ಉರಿಯೇ ಇಲ್ಲದಾಗಲೂ ಆ ವ್ಯತ್ಯಾಸ ಹಾಗೇ ಉಳಿದರೆ ಅದು ಸಿಲಿಂಡರಿನದಲ್ಲ, ಪ್ಲೇಟಿನದು. ಕೆಲವು ಕಾರುಗಳ ಇಸಿಯು ಇದೇ ಹೊತ್ತಿನಲ್ಲಿ ಹಲ್ಲುಗಳ ತಪ್ಪನ್ನು ತಾನೇ ಕಲಿತು ತಿದ್ದಿಕೊಳ್ಳುತ್ತೆ. ನನ್ನದರಲ್ಲಿ ಅಂಥ ಜಾಣತನ ಕಾಣಲಿಲ್ಲ.

ಎಡ ಚಾನೆಲ್‌ಗೆ ಕ್ರ್ಯಾಂಕ್ ಸಿಗ್ನಲ್, ಬಲ ಚಾನೆಲ್‌ಗೆ ಒಂದು ಬೆಲ್ ಸ್ವಿಚ್ಚು ಮತ್ತು ಚಿಕ್ಕ ಸೆಲ್. ಗೆಳೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ವೈಡ್‌ಬ್ಯಾಂಡ್ ಮುಳ್ಳು ಲೀನ್ ಕಡೆಯ ತುದಿ ಮುಟ್ಟಿದ ಕೂಡಲೇ, ಅಂದರೆ ಪೆಟ್ರೋಲ್ ನಿಂತ ಕೂಡಲೇ, ಗುರುತಿಗೆ ಸ್ವಿಚ್ ಒತ್ತಬೇಕು. ಖಾಲಿ ರಸ್ತೆಯಲ್ಲಿ ಮೂರನೇ ಗೇರ್, ನಾಲ್ಕು ಸಾವಿರದವರೆಗೆ ಏರಿಸಿ ಕಾಲು ಬಿಡುವುದು, ಎರಡು ಸಾವಿರಕ್ಕೆ ಇಳಿಯುವವರೆಗೆ ಕಾಯುವುದು. ಇಪ್ಪತ್ತು ಸಲ ಮಾಡಿರಬೇಕು. ಮೊದಲ ಐದಾರು ಸಲ ಅವನು ಸ್ವಿಚ್ ಒತ್ತಲು ಮರೆತ.

ರಾತ್ರಿ ಕೂತು ಲೆಕ್ಕ ಹಾಕಿದರೆ ಅದೇ ಒಂದೂಕಾಲು ಡಿಗ್ರಿ. ಉರಿ ಇದ್ದಾಗಲೂ ಅಷ್ಟೇ, ಇಲ್ಲದಾಗಲೂ ಅಷ್ಟೇ.

ರೆಕಾರ್ಡಿಂಗನ್ನು ಸುಮ್ಮನೆ ಹೆಡ್‌ಫೋನಿನಲ್ಲಿ ಹಾಕಿ ಕೇಳಿದೆ, ನಿಧಾನ ಮಾಡಿ. ಕುಂಟುವವನ ಹೆಜ್ಜೆ ಸದ್ದು ಕೇಳಿದಂತೆ ಇತ್ತು. ಕಿವಿಗೆ ನಿಜವಾಗಿ ಅಷ್ಟು ಸೂಕ್ಷ್ಮ ಗೊತ್ತಾಗುತ್ತೋ ಅಥವಾ ಉತ್ತರ ಗೊತ್ತಿದ್ದರಿಂದ ಹಾಗೆ ಕೇಳಿಸಿತೋ, ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ಬೆಲ್ಟ್ ಸಡಿಲಿಸಿ, ಕ್ರ್ಯಾಂಕಿನ ಮುಂದಿನ ಪುಲ್ಲಿಯ ನಾಲ್ಕು ಚಿಕ್ಕ ಬೋಲ್ಟ್ ಬಿಚ್ಚಿ ಹಲ್ಲಿನ ಪ್ಲೇಟ್ ತೆಗೆದೆ. ತೆಳ್ಳನೆಯ ತಗಡು ಅದು. ಗಾಜಿನ ಮೇಲೆ ಇಟ್ಟರೆ ಒಂದು ಹಲ್ಲಿನ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರಿತು. ಹಲ್ಲಿನ ಬುಡದಲ್ಲಿ ಒಂದು ಕಚ್ಚು. ಸೀಲ್ ಬದಲಾಯಿಸುವಾಗ ಪುಲ್ಲಿ ಬರಲಿಲ್ಲ ಅಂತ ಯಾರೋ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಾರೆ. ಯಾರೋ ಏನು ಬಂತು, ನಾನೇ. ನನ್ನ ದೊಡ್ಡ ಸ್ಕ್ರೂಡ್ರೈವರಿನ ತುದಿಯಲ್ಲಿ ಒಂದು ಚೂರು ಮುರಿದಿದೆ, ಆ ಕಚ್ಚಿನಲ್ಲಿ ಅದು ಬೀಗದೊಳಗಿನ ಕೀಲಿಯ ಹಾಗೆ ಕೂರುತ್ತೆ.

ಹೊಸ ಪ್ಲೇಟ್ ತರಿಸುವ ಬದಲು ಮೊದಲು ಇದನ್ನೇ ನೆಟ್ಟಗೆ ಮಾಡಲು ಹೊರಟೆ. ಜಿಪುಣತನ. ಮರದ ಸುತ್ತಿಗೆ, ಗಾಜು, ಡಯಲ್ ಗೇಜ್, ಅರ್ಧ ದಿನ. ತಪ್ಪು ಅರ್ಧ ಡಿಗ್ರಿಗಿಂತ ಕೆಳಗೆ ಇಳಿಯಿತು, ಬಹುಶಃ 0.4. ಎರಡು ವಾರ ದೀಪ ಬರಲಿಲ್ಲ, ಊರೆಲ್ಲ ಸಾರಿಕೊಂಡು ಬಂದೆ. ಮೂರನೇ ವಾರ ಪಿ0303 ಒಂದೇ ಬಂತು. ಆಮೇಲೆ ತೆಪ್ಪಗೆ ಹೊಸ ಪ್ಲೇಟ್ ತರಿಸಿದೆ. ಎರಡು ಕಾಯಿಲ್ ಪ್ಯಾಕಿನ ದುಡ್ಡಿಗೆ ಅಂಥ ಪ್ಲೇಟು ರಾಶಿ ಬರುತ್ತಿದ್ದವು. ಅದನ್ನು ತಿರುಗಾ ಮುರುಗಾ ಹಾಕಲೂ ಸಾಧ್ಯ, ಬಿಚ್ಚುವ ಮುಂಚೆ ಹೊರಮುಖಕ್ಕೆ ಬಣ್ಣದ ಗುರುತು ಹಾಕಿಕೊಳ್ಳಿ. ಸೆನ್ಸರ್ ಗ್ಯಾಪ್ 0.5ರಿಂದ 1.5 ಮಿ.ಮೀ. ಒಳಗೆ ಇರಬೇಕು ಅಂತ ಪುಸ್ತಕ ಹೇಳುತ್ತೆ, ನಾನು 0.8ಕ್ಕೆ ಇಟ್ಟೆ, ನಾಲ್ಕೂ ಹಲ್ಲನ್ನು ಸೆನ್ಸರ್ ಮುಂದೆ ತಂದು ಒಂದೊಂದಾಗಿ ನೋಡಿ. ಒಂದನ್ನು ಮಾತ್ರ ನೋಡಿ ಬೋಲ್ಟ್ ಬಿಗಿದರೆ ಈ ಕೆಲಸ ಮಾಡಿಯೂ ಉಪಯೋಗ ಇಲ್ಲ.

ಮತ್ತೆ ರೆಕಾರ್ಡ್ ಮಾಡಿದೆ. ಎರಡು 70ಗಳ ನಡುವೆ ನನ್ನ ಸೌಂಡ್ ಕಾರ್ಡ್ ಹಿಡಿಯುವಷ್ಟು ವ್ಯತ್ಯಾಸ ಇಲ್ಲ. ಪಿಗ್ಗಿಬ್ಯಾಕ್ ವಾಪಸ್ ಹಾಕಿದೆ, ಬೂಸ್ಟ್ ವಾಪಸ್ ಹಾಕಿದೆ, ಹಗುರ ಫ್ಲೈವೀಲ್ ಹಾಗೇ ಇದೆ. ಆರು ಸಾವಿರ ಕಿಲೋಮೀಟರ್ ಮೇಲಾಯಿತು, ದೀಪ ಹತ್ತಿಲ್ಲ.

ಈಗ ಗೆಳೆಯನ ಕಾರಿನಲ್ಲಿ ಪಿ0420 ಬಂದಿದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸಲು ಹೊರಟಿದ್ದ, ತಡೆದಿದ್ದೇನೆ. ಮೊದಲು ಕನ್ವರ್ಟರಿನ ಹಿಂದೆ ಮುಂದೆ ಇರುವ ಎರಡು ಆಮ್ಲಜನಕ ಸೆನ್ಸರ್‌ಗಳ ನಡುವೆ ಗ್ಯಾಸ್ಕೆಟ್ ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಅಂತ ಭಾನುವಾರ ಹೊಗೆ ಬಿಟ್ಟು ನೋಡುತ್ತೇವೆ. ಲ್ಯಾಪ್‌ಟಾಪ್ ಅವನದೇ, ನಾನಿನ್ನೂ ವಾಪಸ್ ಕೊಟ್ಟಿಲ್ಲ.